ಒಂಬತ್ತನೆಯ ಹಾಡು

ಹಲ್ ಊರಿನ ಹೆಸಲ್ ರಸ್ತೆಯ ಹಿಂದೆ
ಮೀನಿಗೆ ಹೊಗೆ ಕೊಡುತ್ತಿದ್ದ ಗೂಡೇ ನಮ್ಮ ಸ್ಟುಡಿಯೊ.
ಎಷ್ಟು ಸುಣ್ಣ ಬಳಿದರೂ ಗೋಡೆಯಿಂದ
ಹೆರಿಂಗ್ ಮೀನಿನ ಎಣ್ಣೆ ಕಂದಾಗಿ ಜಿನುಗುತ್ತದೆ.
ಇಲ್ಲಿ ಹಾಡಿ ಹೋದವರ ಉಣ್ಣೆಕೋಟು
ವಾರಗಟ್ಟಲೆ ಬೆಕ್ಕುಗಳಿಗೆ ಪ್ರಿಯ.

ನಾನು ಬೆರಿಲ್, ಟೇಪು ಸುತ್ತುವವಳು.
ಚಹಾ ಮಾಡುವುದೂ ನಾನೇ,
ಮೈಕಿನ ಎತ್ತರ ಅಳೆಯುವುದೂ ನಾನೇ.
ಆಲ್ಬಮ್ಮಿನ ಹಿಂಬದಿಯಲ್ಲಿ ನನ್ನ ಹೆಸರು
ಇರುವೆ ಸಾಲಿನ ಕೊನೆಯ ಇರುವೆ.

ಅವರು ಮೂವರು. ಹನ್ನೊಂದು ವರ್ಷ. ಐದನೆಯ ಆಲ್ಬಂ.
ಕೊನೆಯದೆಂದು ಯಾರೂ ಅಂದಿರಲಿಲ್ಲ.
ಆದರೆ ರೊವೀನಾ ಬರುವುದು ಬೆಳಿಗ್ಗೆ ಹತ್ತಕ್ಕೆ,
ಗ್ಯಾರೆತ್ ಬರುವುದು ಕತ್ತಲಾದ ಮೇಲೆ,
ನಡುವೆ ಬಾಸ್ ಗಿಟಾರಿನ ಮಾಲ್ಕಮ್
ಇಬ್ಬರಿಗೂ ಒಂದೇ ಸುಳ್ಳು ಹೇಳುತ್ತ
ಮೆಟ್ಟಿಲ ಮೇಲೆ ಕೂತು ಚಿಪ್ಸು ತಿನ್ನುತ್ತಿದ್ದ.
ಡ್ರಮ್ಮಿಗೆ ಮೊದಲಿಂದಲೂ ಮನುಷ್ಯನಿಲ್ಲ, ಯಂತ್ರ;
ಮನಸ್ತಾಪವಿಲ್ಲದೆ ದುಡಿದದ್ದು ಅದೊಂದೇ.

ಮಾತು ಮನೆ ಕೆಡಿಸಿತು ಅನ್ನುತ್ತಾರಲ್ಲ,
ಇಲ್ಲಿ ಮಾತೇ ಇರಲಿಲ್ಲ.
ರೊವೀನಾ ಹಾಡಿದ್ದು ಬರೀ ಸ್ವರ,
ಲಲ್ಲೆ, ಉಸಿರು, ಅರ್ಧ ನುಂಗಿದ ವ್ಯಂಜನ.
ಯಾವ ನಿಘಂಟಿಗೂ ಸಿಗದ ಭಾಷೆಯಲ್ಲಿ ನಾಲ್ಕು ಆಲ್ಬಂ.
ಪೋಲೆಂಡಿನ ಹುಡುಗಿಯೊಬ್ಬಳು ಬರೆದಿದ್ದಳು:
'ಮೂರನೆಯ ಹಾಡಲ್ಲಿ ನಮ್ಮಜ್ಜಿಯ ಹೆಸರಿದೆ,
ನಿಮಗೆ ಹೇಗೆ ಗೊತ್ತಾಯಿತು?'
ಲೀಡ್ಸಿನ ಪಾದ್ರಿಯೊಬ್ಬ, ಅದು ಹೀಬ್ರೂ, ಅಂದ.
ರೊವೀನಾ ನಕ್ಕು ಎರಡೂ ಕಾಗದ ಫ್ರಿಜ್ಜಿಗೆ ಅಂಟಿಸಿದ್ದಳು.

ರಾತ್ರಿ ಗ್ಯಾರೆತ್ ಗಿಟಾರು ನುಡಿಸಿದ್ದಕ್ಕಿಂತ
ಅದರ ಮಾರ್ದನಿಗೆ ಕಾದದ್ದು ಹೆಚ್ಚು.
ಚಿಮಣಿಯ ಬುಡದಲ್ಲಿ ಸ್ಪೀಕರಿಟ್ಟು,
ಮೇಲಿಂದ ಮೈಕು ತೂಗುಬಿಟ್ಟು,
ಒಂದು ತಂತಿ ಮೀಟಿ, ಕೈಕಟ್ಟಿ ಕೂರುವನು.
ಸದ್ದು ಮೇಲೇರಿ, ಮಸಿಗೆ ಮೈ ಉಜ್ಜಿ,
ಯಾರದೋ ಸದ್ದಾಗಿ ಕೆಳಗಿಳಿಯುವುದು.
ತಾನು ಮಾಡಿದ್ದನ್ನು ತನ್ನದಲ್ಲವೆಂಬಂತೆ ಕೇಳುವುದರಲ್ಲಿ
ಅವನಿಗೆ ಸಾಟಿಯಿಲ್ಲ.

ಮಾರ್ಚಿನ ಒಂದು ಬೆಳಿಗ್ಗೆ,
ಹಂಬರ್ ನದಿಯ ಮಂಜಿನಲ್ಲಿ ಹಡಗೊಂದು ಕೊಂಬೂದುತ್ತಿದ್ದಾಗ
ರೊವೀನಾ ಕೋಟು ಬಿಚ್ಚದೆ ಮೈಕಿನ ಮುಂದೆ ನಿಂತಳು.
ಒಂಬತ್ತನೆಯ ಹಾಡು, ಎರಡನೆಯ ಸುತ್ತು.
ನೀರಿನಂಥ ಆ ಗುನುಗಿನೊಳಗಿಂದ
ಮುಳ್ಳಿನ ಹಾಗೆ ಎದ್ದು ಬಂತು ಒಂದು ಮಾತು:
'ಬಾಗಿಲ ಪಕ್ಕದ ಪೆಟ್ಟಿಗೆ ನಿನ್ನದು.
ನನ್ನವನ್ನೆಲ್ಲ ಎಂದೋ ಸಾಗಿಸಿದೆ.'
ಅಷ್ಟೇ. ಮತ್ತೆ ಲಲ್ಲೆ.
'ಇನ್ನೊಮ್ಮೆ ತಗೊಳ್ಳಲಾ?' ಅಂದೆ.
'ಬೇಡ,' ಅಂದಳು, 'ಹನ್ನೆರಡರ ಬಸ್ಸಿದೆ.'

ಗ್ಯಾರೆತ್ ರಾತ್ರಿ ಕೇಳಿದ. ಏಳು ಸಲ ಕೇಳಿದ.
ಆಮೇಲೆ ಮೆಲ್ಲಗೆ, ಮಗುವಿಗೆ ಹೊದಿಕೆ ಎಳೆವ ಹಾಗೆ,
ಆ ಸಾಲಿನ ಮೇಲೆ ಮಾರ್ದನಿ ಎಳೆದ,
ಇನ್ನಷ್ಟು ಎಳೆದ,
ಮಾತು ಹೋಗಿ ಮಂಜಾಗುವವರೆಗೆ.
'ಹೀಗೆ ಚೆಂದ,' ಅಂದ.
ಚೆಂದವೇನೋ ಇತ್ತು.
ಹೊರಗೆ ಹೋಗಿ ಟೆಲಿಫೋನ್ ಗೂಡಿನಲ್ಲಿ,
ನಮ್ಮೂರಲ್ಲಿ ಅವು ಕೆಂಪಲ್ಲ, ಹಾಲಿನ ಕೆನೆಯ ಬಣ್ಣ,
ನಾಣ್ಯ ಹಾಕದೆ ಬಹಳ ಹೊತ್ತು ನಿಂತಿದ್ದ.

ನಾನು ಮಾಡಬಾರದ್ದು ಮಾಡಿದೆ.
ಫೇಡರನ್ನು ಕೂದಲೆಳೆಯಷ್ಟು ಇಳಿಸಿದೆ.
ಎಲ್ಲರಿಗೂ ಕೇಳುವಷ್ಟಲ್ಲ,
ಕೇಳಬೇಕಾದವರಿಗೆ ಕೇಳುವಷ್ಟೂ ಅಲ್ಲವೇನೋ,
ಪೆಟ್ಟಿಗೆಯ ಒಂದು ಮೂಲೆ ಮಾತ್ರ
ಹೊದಿಕೆಯಾಚೆ ಚಾಚಿಕೊಳ್ಳುವಷ್ಟು.

ಮೇ ತಿಂಗಳಲ್ಲಿ ಮೊದಲ ತಟ್ಟೆ ಅಚ್ಚಾಗಿ ಬಂತು.
ಕೇಳಲು ಬಂದವನು ಮಾಲ್ಕಮ್ ಒಬ್ಬನೇ.
ಒಂಬತ್ತನೆಯ ಹಾಡಲ್ಲಿ ಅಗಿಯುವುದು ನಿಲ್ಲಿಸಿದ.
'ಏನೋ ಅಂದಳಲ್ಲ, ಏನದು?'
'ಹೀಬ್ರೂ,' ಅಂದೆ.
ಅವನು ತಲೆಯಾಡಿಸಿದ.
ಉಪ್ಪು ಮೆತ್ತಿದ ಬೆರಳು ಪ್ಯಾಂಟಿಗೆ ಒರೆಸಿಕೊಂಡು
ಸೂಜಿಯನ್ನು ಎತ್ತಿ ಹಿಂದಕ್ಕಿಟ್ಟ.
'ಅದನ್ನ ಮೂರು ಮಹಡಿ ಇಳಿಸಿ ಕೊಟ್ಟವನೇ ನಾನು,' ಅಂದ.
'ಭಾರ ಏನಿರಲಿಲ್ಲ.'